ಕಂಡವರೆಷ್ಟು, ಕ್ಷಮೆ ಬೇಡಬೇಕಾದವರೆಷ್ಟು?

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸಿ, ಯಥಾಶಕ್ತಿ ಉಪವಾಸ, ಏಕಾಶನಾದಿಗಳನ್ನು ಕೈಗೊಂಡ ಶ್ರಾವಕ ಶ್ರಾವಿಕೆಯರು ಬಹುಳ ಪಾಡ್ಯದಂದು ಕ್ಷಮಾವಣಿಯನ್ನು ಆಚರಿಸಿ ಪರಸ್ಪರ ಕ್ಷಮೆ ಬೇಡುವುದು ಸಂಪ್ರದಾಯ. ಅಂದು ಉಚ್ಚರಿಸುವ ಕ್ಷಮಾವಚನದಲ್ಲಿ ಸರ್ವ ಜೀವಿಗಳೂ ಸೇರಿವೆ. ಆದರೆ ‘ಸರ್ವ’ ಎಂಬ ಪದದ ವಿಸ್ತಾರವೇ ಒಮ್ಮೊಮ್ಮೆ ತೊಡಕಾಗುತ್ತದೆ. ಸರ್ವರನ್ನೂ ಕ್ಷಮಿಸಿದೆನೆಂದು ಜಿನಮಂದಿರದಲ್ಲಿ ನುಡಿದು ಬಂದವನು ಪಕ್ಕದ ಮನೆಯವನನ್ನು ಕಂಡಾಗ ಮುಖ ತಿರುಗಿಸುವುದುಂಟು. ಆ ಒಬ್ಬನು ‘ಸರ್ವ’ರಲ್ಲಿ ಸೇರಿದ್ದಾನೆಯೇ ಎಂಬುದನ್ನು ಅವನು ವಿಚಾರಿಸಿಯೇ ಇರುವುದಿಲ್ಲ.

ಆದುದರಿಂದ ಪರ್ವಕ್ಕೆ ಮುನ್ನ ಒಂದು ಲೆಕ್ಕವನ್ನು ಮಾಡಿಕೊಳ್ಳುವುದು ಹಿತಕರ. ಏಕೇಂದ್ರಿಯಾದಿ ಜೀವಿಗಳ ವಿಷಯವನ್ನು ಸದ್ಯಕ್ಕೆ ಬದಿಗಿರಿಸಿ, ಒಬ್ಬ ಮನುಷ್ಯನು ಒಂದು ಆಯುಷ್ಯದಲ್ಲಿ ಎಷ್ಟು ಮಂದಿ ಮನುಷ್ಯರನ್ನು ಸಂಧಿಸುತ್ತಾನೆ ಎಂಬುದಿಷ್ಟನ್ನೇ ಇಲ್ಲಿ ಪರಿಶೀಲಿಸಲಾಗಿದೆ.

ಎಣಿಕೆಯ ಪರಂಪರೆ

ಇಂತಹ ಲೆಕ್ಕ ಅಸಾಧ್ಯವೆಂದು ತೋರಬಹುದು. ಆದರೆ ಜೈನಾಚಾರ್ಯರು ಇದಕ್ಕಿಂತ ಬಹು ದೊಡ್ಡ ಸಂಖ್ಯೆಗಳಿಗೂ ಹಿಂಜರಿದವರಲ್ಲ. ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯವು ಜೀವಾದಿ ತತ್ತ್ವಗಳನ್ನು ಅರಿಯಲು ಹೇಳುವ ಎಂಟು ದ್ವಾರಗಳಲ್ಲಿ ಸಂಖ್ಯೆಯೂ ಒಂದು, ಅಲ್ಪಬಹುತ್ವವೂ ಒಂದು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದು ಬಂದ ಷಟ್ಖಂಡಾಗಮದಲ್ಲಿ ದ್ರವ್ಯಪ್ರಮಾಣಾನುಗಮವೆಂಬ ಪ್ರಕರಣವೇ ಇದ್ದು, ಅದು ಜೀವಿಗಳ ಪ್ರಮಾಣವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕು ಬಗೆಯಿಂದ ನಿರೂಪಿಸುತ್ತದೆ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಯಲ್ಲಿ ಇದರ ವಿಸ್ತಾರವಾದ ಚರ್ಚೆಯಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು 29 ಅಂಕಗಳಲ್ಲಿ ಹೇಳಲಾಗಿದೆ.

ಲೌಕಿಕ ಗಣಿತಕ್ಕೂ ಕನ್ನಡ ನಾಡಿನಲ್ಲಿ ಕೊರತೆಯಿಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಪ್ರಸ್ತುತ ಲೆಕ್ಕಕ್ಕೆ ಬೇಕಾಗುವುದು ಗುಣಾಕಾರ ಮತ್ತು ತ್ರೈರಾಶಿಕ ಮಾತ್ರ. ಆಗಮದಲ್ಲಿ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅರ್ಥ ಬಹು ಸೂಕ್ಷ್ಮವಾದುದು. ಇಲ್ಲಿ ಅವುಗಳ ಹೆಸರನ್ನೂ ವಿಭಾಗವನ್ನೂ ಮಾತ್ರ ಲೌಕಿಕ ಎಣಿಕೆಗೆ ಬಳಸಿಕೊಳ್ಳಲಾಗಿದೆ.

ಸಂಧಿಸುವುದೆಂದರೇನು?

ಎಣಿಸುವ ಮೊದಲು ಎಣಿಸಬೇಕಾದ ವಸ್ತುವಿನ ಲಕ್ಷಣವನ್ನು ನಿಶ್ಚಯಿಸಿಕೊಳ್ಳಬೇಕು. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದವರು ಒಂದೇ ದಿನದಲ್ಲಿ ಸಾವಿರಾರು ಮುಖಗಳನ್ನು ನೋಡಿದರು. ಆದರೆ ಅವರನ್ನೆಲ್ಲ ಸಂಧಿಸಿದಂತಾಗಲಿಲ್ಲ. ಮೆಟ್ಟಿಲೇರುವಾಗ ಕೈಹಿಡಿದು ನೆರವಾದ ಅಪರಿಚಿತನನ್ನು ಮಾತ್ರ ಸಂಧಿಸಿದಂತಾಯಿತು. ಯಾರೊಡನೆ ಮಾತು, ಕೊಡುಕೊಳ್ಳುವಿಕೆ ಅಥವಾ ಉಪಕಾರ ಅಪಕಾರಗಳ ವ್ಯವಹಾರ ಒಮ್ಮೆಯಾದರೂ ನಡೆಯಿತೋ ಅವರನ್ನು ‘ಸಂಧಿಸಿದವರು’ ಎಂದು ಇಲ್ಲಿ ಗ್ರಹಿಸಬೇಕು.

ಕಾಲದಿಂದ ಎಣಿಕೆ

ದೃಷ್ಟಾಂತಕ್ಕಾಗಿ ತಾಲ್ಲೂಕು ಪಟ್ಟಣವೊಂದರಲ್ಲಿ ಜವಳಿ ಅಂಗಡಿ ನಡೆಸಿ ಈಗ ಎಪ್ಪತ್ತು ತುಂಬಿದ ಗೃಹಸ್ಥನೊಬ್ಬನನ್ನು ಭಾವಿಸಬಹುದು. ಮೊದಲ 5 ವರ್ಷಗಳನ್ನು ಬಿಟ್ಟು ಉಳಿದ ಆಯುಷ್ಯವನ್ನು ಮೂರು ಭಾಗ ಮಾಡಬೇಕು.

ಐದರಿಂದ ಇಪ್ಪತ್ತರವರೆಗೆ 15 ವರ್ಷ, ಅಂದರೆ 5,475 ದಿನ. ನಾಲ್ಕು ದಿನಕ್ಕೊಬ್ಬ ಹೊಸಬನೆಂದರೆ ಸುಮಾರು 1,369 ಮಂದಿ. ಅನಂತರ 40 ವರ್ಷ ವ್ಯಾಪಾರ. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 12,000 ದಿನ. ದಿನಕ್ಕೆ ಇಬ್ಬರು ಹೊಸ ಗಿರಾಕಿಗಳೆಂದರೆ 24,000 ಮಂದಿ. ವ್ಯಾಪಾರವನ್ನು ಮಕ್ಕಳಿಗೊಪ್ಪಿಸಿದ ಮೇಲಿನ 10 ವರ್ಷಗಳಲ್ಲಿ ಐದು ದಿನಕ್ಕೊಬ್ಬನಂತೆ 730 ಮಂದಿ. ಒಟ್ಟು 26,099.

ಈ ಎಣಿಕೆಯಲ್ಲಿ ಒಂದು ದೋಷವಿದೆ. ಮೂರು ವರ್ಷಗಳ ಹಿಂದೆ ಬಂದು ಹೋದ ಗಿರಾಕಿಯನ್ನು ಮರೆತಿದ್ದರೆ ಅವನು ಪುನಃ ಹೊಸಬನಾಗಿ ಲೆಕ್ಕಕ್ಕೆ ಬರುತ್ತಾನೆ. ಅಮೆರಿಕದಲ್ಲಿ ಮೈಕೇಲ್ ಗುರೆವಿಚ್ ಎಂಬ ವಿದ್ವಾಂಸರು 1961ರ ತಮ್ಮ ಅಧ್ಯಯನಕ್ಕಾಗಿ 27 ಮಂದಿಯಿಂದ 100 ದಿನಗಳ ಕಾಲ, ತಾವು ಸಂಪರ್ಕಿಸಿದ ಪರಿಚಿತರ ಹೆಸರನ್ನು ಪ್ರತಿದಿನವೂ ಬರೆಯಿಸಿದರು. ಇಂತಹ ದಿನಚರಿಯಲ್ಲಿ ಮೊದಲ ದಿನ ಬರೆದ ಹೆಸರುಗಳೆಲ್ಲವೂ ಹೊಸವು. ದಿನಗಳು ಕಳೆದಂತೆ ಹಳೆಯ ಹೆಸರುಗಳೇ ಮರಳಿ ಬರುತ್ತವೆ. ಬರೆದಿಡದೆ ನೆನಪಿನಿಂದಲೇ ಎಣಿಸುವವನು ಈ ಪುನರುಕ್ತಿಯನ್ನು ಅರಿಯಲಾರನು. ಆದುದರಿಂದ ಕಾಲದಿಂದ ಬಂದ ಸಂಖ್ಯೆ ವಾಸ್ತವಕ್ಕಿಂತ ಹೆಚ್ಚಾಗಿರುವ ಸಂಭವವಿದೆ.

ಕ್ಷೇತ್ರದಿಂದ ಎಣಿಕೆ

ಈಗ ಅದೇ ಗೃಹಸ್ಥನು ಬಾಳಿದ, ತಿರುಗಿದ ಸ್ಥಳಗಳನ್ನು ಕ್ರಮವಾಗಿ ಗಮನಿಸಬೇಕು. ಹುಟ್ಟಿದ ಊರಿನಲ್ಲಿ 150 ಮನೆ, ಮನೆಗೆ 6 ಜನರಂತೆ 900. ಶಾಲೆಯಲ್ಲಿ 300. ಅಂಗಡಿಗೆ 30 ಹಳ್ಳಿಗಳಿಂದ, ಹಳ್ಳಿಗೆ 250 ಜನರಂತೆ 7,500. ಪಟ್ಟಣದವರೇ ಆದ ಗಿರಾಕಿಗಳು 4,000. ವರ್ಷಕ್ಕೆ ಐದು ಮದುವೆಗಳಂತೆ 40 ವರ್ಷಗಳಲ್ಲಿ 200 ಮದುವೆ, ಒಂದೊಂದರಲ್ಲಿ ಹತ್ತು ಹೊಸ ಪರಿಚಯಗಳಂತೆ 2,000. ಸಮ್ಮೇದ ಶಿಖರಜಿ, ಗಿರಿನಾರ, ಕಾರ್ಕಳ ಮೊದಲಾದ ಆರು ಯಾತ್ರೆಗಳಲ್ಲಿ ಐವತ್ತೈವತ್ತು ಜನರಂತೆ 300. ತಿಂಗಳಿಗೊಂದು ಪ್ರಯಾಣ, ಪ್ರಯಾಣಕ್ಕೆ ಇಬ್ಬರು ಸಹಪ್ರಯಾಣಿಕರಂತೆ 50 ವರ್ಷಗಳಲ್ಲಿ 1,200. ಒಟ್ಟು 16,200.

ಇಲ್ಲಿ ದೋಷ ವಿರುದ್ಧ ದಿಕ್ಕಿನದು. ನೆನಪಿಗೆ ಬಾರದ ಸ್ಥಳಗಳು, ಮನೆಬಾಗಿಲಿಗೆ ಬಂದು ಹೋದ ಬಳೆಗಾರ, ಕೂಲಿಯವರು ಇದರಲ್ಲಿ ಬಿಟ್ಟುಹೋಗಿದ್ದಾರೆ. ಎರಡು ಎಣಿಕೆಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆಯಾದುದರಿಂದ, ನಿಜಸಂಖ್ಯೆಯು 16,000 ಮತ್ತು 26,000ಗಳ ನಡುವೆ ಇರಬಹುದೆಂದು ಗ್ರಹಿಸಿದರೆ ಬಾಧಕವಿಲ್ಲ. ದಿಗ್ವ್ರತ, ದೇಶವ್ರತಗಳನ್ನು ಸ್ವೀಕರಿಸಿದ ಶ್ರಾವಕನಿಗೆ ಈ ಎಣಿಕೆ ಸುಲಭ. ತಾನು ಹೋಗುವ ದಿಕ್ಕಿನ ಮೇರೆಯನ್ನು ಅವನು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ.

ಪ್ರಪಂಚದ ಜನಸಂಖ್ಯೆ 2022ರಲ್ಲಿ 800 ಕೋಟಿಯನ್ನು ಮುಟ್ಟಿತು. ದೊಡ್ಡ ಸಂಖ್ಯೆಯಾದ 26,000ವನ್ನೇ ಹಿಡಿದರೂ ಸುಮಾರು ಮೂರು ಲಕ್ಷ ಜನರಲ್ಲಿ ಒಬ್ಬನನ್ನು ಮಾತ್ರ ಈ ಗೃಹಸ್ಥನು ಸಂಧಿಸಿದಂತಾಯಿತು. ಮನುಷ್ಯಭವ ದುರ್ಲಭವೆಂದು ಕೇಳಿದವರು, ಆ ಭವದಲ್ಲಿ ಇನ್ನೊಬ್ಬ ಮನುಷ್ಯನ ಸಂಗ ದೊರೆಯುವುದೂ ಎಷ್ಟು ವಿರಳವೆಂಬುದನ್ನು ಇದರಿಂದ ತಿಳಿಯಬಹುದು.

ದ್ರವ್ಯದಿಂದ ಎಣಿಕೆ

ವ್ಯಕ್ತಿಗಳನ್ನೇ ಒಬ್ಬೊಬ್ಬರನ್ನಾಗಿ ಎಣಿಸುವುದು ಮೂರನೆಯ ಬಗೆ. ಎಲ್ಲರನ್ನೂ ಎಣಿಸಲಾಗದಿದ್ದಲ್ಲಿ ಸ್ವಲ್ಪವನ್ನು ಎಣಿಸಿ ತ್ರೈರಾಶಿಕದಿಂದ ಉಳಿದುದನ್ನು ಪಡೆಯಬಹುದು. ಫ್ರೀಮನ್ ಮತ್ತು ಥಾಂಪ್ಸನ್ ಎಂಬವರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಕ್ರಮ ಇದೇ. ಅಮೆರಿಕದ ಆರೆಂಜ್ ಕೌಂಟಿಯ ದೂರವಾಣಿ ಪುಸ್ತಕದಿಂದ 305 ಕುಲನಾಮಗಳನ್ನು ಆಯ್ದು, ಆ ಹೆಸರಿನವರಲ್ಲಿ ಎಷ್ಟು ಮಂದಿಯನ್ನು ಜೀವನದಲ್ಲಿ ಬಲ್ಲಿರೆಂದು ಕೇಳಿ, ಇಡೀ ಪುಸ್ತಕಕ್ಕೆ ಅನ್ವಯಿಸಿ ಗುಣಿಸಿದರು. ಒಬ್ಬೊಬ್ಬರಿಗೆ ಸರಾಸರಿ ಸುಮಾರು 5,500 ಪರಿಚಿತರೆಂದು ಬಂದಿತು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ವಿದ್ವಾಂಸರು 2018ರಲ್ಲಿ ಬೇರೆ ಮಾರ್ಗದಿಂದ, ಒಬ್ಬ ಮನುಷ್ಯನು ಗುರುತಿಸಬಲ್ಲ ಮುಖಗಳನ್ನು ಲೆಕ್ಕ ಹಾಕಿದರು. ಸರಾಸರಿ ಸುಮಾರು 5,000. ಕೆಲವರಿಗೆ 1,000, ಕೆಲವರಿಗೆ 10,000. ಇವುಗಳಲ್ಲಿ ಪ್ರಸಿದ್ಧರ ಮುಖಗಳೂ ಸೇರಿವೆ.

ಮನೆಯಲ್ಲಿ ಇದನ್ನು ಮಾಡಲು ಮದುವೆಯ ಮುಯ್ಯಿ ಬರೆದ ಪುಸ್ತಕ ಸಾಕು. ಹತ್ತು ಪುಟಕ್ಕೊಂದರಂತೆ ಪುಟಗಳನ್ನು ತೆಗೆದು, ಅವುಗಳಲ್ಲಿರುವ ಯಾವ ಹೆಸರಿಗೆ ಮುಖ ನೆನಪಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಗುರುತು ಹಾಕಬೇಕು. ತಮ್ಮ ಕೈಯಿಂದಲೇ ಬರೆದ ಹೆಸರಿಗೆ ಮುಖ ಕಾಣದಿರುವುದನ್ನು ಕಂಡು ಅನೇಕರಿಗೆ ಆಶ್ಚರ್ಯವಾಗುತ್ತದೆ.

ಈ ಮೂರು ಎಣಿಕೆಗಳಿಂದ ಒಂದು ವಿಷಯ ಸ್ಪಷ್ಟವಾಯಿತು. ಈ ಗೃಹಸ್ಥನು ವ್ಯವಹರಿಸಿದವರು ಇಪ್ಪತ್ತು ಸಾವಿರದ ಆಸುಪಾಸು. ಅವನಿಗೆ ಮುಖ ನೆನಪಿರುವವರು ಐದು ಸಾವಿರವೆಂದಿಟ್ಟುಕೊಂಡರೆ, ಹದಿನೈದು ಸಾವಿರ ಮಂದಿ ಅವನ ಸ್ಮರಣೆಯಿಂದ ಸಂಪೂರ್ಣ ಅಳಿದುಹೋಗಿದ್ದಾರೆ. ಅವರಲ್ಲಿ ಯಾರಿಗೋ ಬಟ್ಟೆ ಅಳೆಯುವಾಗ ಒಂದು ಬೆರಳು ಕಡಿಮೆಯಾಗಿರಬಹುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂದು ಹೇಳಿರುವುದು ಇದನ್ನೇ. ಸಾಲ ಕೇಳಿದ ಬಡವನಿಗೆ ನಾಲ್ಕು ಜನರೆದುರು ಕಟುವಾದ ಮಾತು ಆಡಿದ್ದಿರಬಹುದು. ಆಡಿದವನು ಅದನ್ನು ಸಂಜೆಯ ಹೊತ್ತಿಗೆ ಮರೆತನು. ಕೇಳಿಸಿಕೊಂಡವನು ಮರೆತನೆಂದು ಹೇಳುವಂತಿಲ್ಲ. ಈಗ ಅವನ ಮನೆಯನ್ನು ಹುಡುಕಿಕೊಂಡು ಹೋಗಲು ಸಾಧ್ಯವಿಲ್ಲ. ಸರ್ವರಲ್ಲಿಯೂ ಬೇಡುವ ಕ್ಷಮಾವಚನ ಇಂತಹವರಿಗಾಗಿ ಅತ್ಯಗತ್ಯ.

ಭಾವದಿಂದ ಎಣಿಕೆ

ನಾಲ್ಕನೆಯ ಎಣಿಕೆ ಅತ್ಯಂತ ಚಿಕ್ಕದು, ಅತ್ಯಂತ ಕಠಿಣವಾದುದು. ಯಾರ ವಿಷಯದಲ್ಲಿ ಕಷಾಯವು ಈಗಲೂ ಮನಸ್ಸಿನಲ್ಲಿ ಉಳಿದಿದೆ?

ಕಷಾಯದ ನಾಲ್ಕು ತರತಮಗಳಿಗೆ ಗೊಮ್ಮಟಸಾರದ ಕರ್ಮಕಾಂಡವು ವಾಸನಾಕಾಲವನ್ನು ಹೇಳಿದೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಭವಭವಗಳವರೆಗೆ ಅನುಸರಿಸುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಘಾತಿಸುತ್ತದೆ. ನೀರಿನ ಮೇಲೆಳೆದ ಗೆರೆ ಎಳೆಯುತ್ತಿರುವಂತೆಯೇ ಅಳಿಯುತ್ತದೆ. ಕಲ್ಲಿನ ಮೇಲಿನ ಗೆರೆ ಹಾಗಲ್ಲ. ಆದುದರಿಂದ ಆರು ತಿಂಗಳಿಗೂ ಮೀರಿ ಒಬ್ಬನ ಮೇಲೆ ವೈರವನ್ನು ಉಳಿಸಿಕೊಂಡವನು ತನ್ನ ಉಪವಾಸಗಳನ್ನು ಎಣಿಸಿಕೊಳ್ಳುವ ಮುನ್ನ ಆ ವೈರವನ್ನು ಎಣಿಸಿಕೊಳ್ಳಬೇಕಾಗಿದೆ.

ಈ ಗೃಹಸ್ಥನು ಕಾಗದ ತೆಗೆದುಕೊಂಡು ಅಂತಹವರ ಹೆಸರುಗಳನ್ನು ಬರೆದನೆಂದು ಭಾವಿಸಬಹುದು. ಏಳು ಹೆಸರುಗಳಾದವು. ಇಬ್ಬರು ಈಗಾಗಲೇ ತೀರಿಹೋಗಿದ್ದಾರೆ. ಇಬ್ಬರು ಪರವೂರಿನಲ್ಲಿದ್ದಾರೆ. ಇಬ್ಬರು ಅದೇ ಪೇಟೆಯ ವ್ಯಾಪಾರಿಗಳು. ಏಳನೆಯವನು ಸ್ವಂತ ತಮ್ಮ. ಮನೆ ಪಾಲಾದಾಗ ಹಿತ್ತಿಲ ಬಾವಿಯ ವಿಷಯದಲ್ಲಿ ಮಾತು ಬೆಳೆದು ಹನ್ನೊಂದು ವರ್ಷಗಳಾದವು. ನಡುವೆ ಇರುವುದು ಒಂದು ಗೋಡೆ. ತಮ್ಮನ ಮನೆಯ ಒಗ್ಗರಣೆಯ ವಾಸನೆ ಅಣ್ಣನ ಮನೆಗೆ ಬರುತ್ತದೆ; ತಮ್ಮನ ಮಗಳ ಮದುವೆಯ ಆಮಂತ್ರಣ ಬರಲಿಲ್ಲ. ಪ್ರತಿ ವರ್ಷ ಕ್ಷಮಾವಣಿಯಂದು ಅಣ್ಣನ ಮೊಬೈಲಿನಿಂದ ನೂರಾರು ಮಂದಿಗೆ ಸಂದೇಶ ಹೋಗುತ್ತದೆ. ಆ ಏಳು ಮಂದಿಯಲ್ಲಿ ಒಬ್ಬರಿಗೂ ಹೋಗುವುದಿಲ್ಲ.

ಶ್ರಾವಿಕೆಯರಿಗೂ ಈ ವಿಚಾರ ಅನ್ವಯಿಸುತ್ತದೆ. ಮನೆವಾರ್ತೆಯಲ್ಲಿಯೇ ಆಯುಷ್ಯ ಕಳೆದವರಿಗೆ ಕ್ಷೇತ್ರ ಚಿಕ್ಕದಾದುದರಿಂದ ಸಂಧಿಸಿದವರ ಸಂಖ್ಯೆ ಕಡಿಮೆ. ಆದರೆ ಅತ್ತೆ, ಸೊಸೆ, ಓರಗಿತ್ತಿ, ನಾದಿನಿಯರೊಡನೆ ಕಳೆದ ದಿನಗಳು ಸಾವಿರಾರು. ಇಂತಹವರ ಪಟ್ಟಿಯ ಹೆಸರುಗಳು ಬಹುಮಟ್ಟಿಗೆ ಒಂದೇ ಅಡಿಗೆಮನೆಯವು.

ಅಲ್ಪಬಹುತ್ವ

ದೊರೆತ ಸಂಖ್ಯೆಗಳನ್ನು ಈಗ ಅಲ್ಪಬಹುತ್ವದ ಕ್ರಮದಲ್ಲಿರಿಸಬಹುದು. ಎಲ್ಲರಿಗಿಂತ ಅಲ್ಪರು ವೈರ ಉಳಿದಿರುವವರು. ಅವರಿಗಿಂತ ಅಧಿಕರು ಮುಖ ನೆನಪಿರುವವರು. ಅವರಿಗಿಂತ ಅಧಿಕರು ವ್ಯವಹರಿಸಿ ಮರೆತವರು. ಅವರಿಗಿಂತಲೂ ಅಧಿಕರು ಕೇವಲ ಕಣ್ಣಿಗೆ ಬಿದ್ದು ಹೋದವರು.

ಮರೆತವರ ಬಗ್ಗೆ ಆಲೋಚನೆ, ಪ್ರತಿಕ್ರಮಣಗಳೇ ಮಾರ್ಗ. ತೀರಿಹೋದ ಇಬ್ಬರ ಬಗ್ಗೆಯೂ ಜಿನಬಿಂಬದ ಮುಂದೆ ಹೆಸರು ಹೇಳಿ ಆಲೋಚನೆ ಮಾಡಿ, ಕಾಯೋತ್ಸರ್ಗದಲ್ಲಿ ನಿಲ್ಲಬಹುದು. ಪರವೂರಿನವರಿಗೆ ಸ್ವಹಸ್ತದಿಂದ ಪತ್ರ ಬರೆಯಬಹುದು. ಉಳಿದ ಮೂವರ ಬಾಗಿಲಿಗೆ ನಡೆದೇ ಹೋಗಬೇಕು. ಹೋದಾಗ ಬಾವಿಯ ನ್ಯಾಯವನ್ನು ಪುನಃ ತೆಗೆಯಬಾರದು. ಅದನ್ನು ತೆಗೆದರೆ ಕ್ಷಮೆ ಬೇಡಲು ಹೋದವನು ಮಾನಕಷಾಯವನ್ನು ಹೊತ್ತು ಹಿಂದಿರುಗುತ್ತಾನೆ. ತಮ್ಮನು ಬಾಗಿಲು ತೆರೆಯದಿದ್ದರೂ ಅಣ್ಣನ ಕರ್ತವ್ಯ ಮುಗಿದಂತೆಯೇ. ತೆರೆದರೆ ಚತುರ್ದಶಿಯ ಉಪವಾಸದ ಪಾರಣೆ ಎರಡು ಮನೆಗಳಲ್ಲಿಯೂ ಸಂತೋಷದಿಂದ ನಡೆದೀತು.

ಅಭ್ಯಾಸ

1. ತಮ್ಮ ಆಯುಷ್ಯವನ್ನು ಮೂರು ಭಾಗ ಮಾಡಿ ಕಾಲದಿಂದ ಎಣಿಸಿರಿ. ಅನಂತರ ಕ್ಷೇತ್ರದಿಂದ ಎಣಿಸಿ, ಎರಡರ ಅಂತರಕ್ಕೆ ಕಾರಣವನ್ನು ವಿಚಾರಿಸಿರಿ.

2. ಮುಯ್ಯಿ ಪುಸ್ತಕದ ಹತ್ತು ಹೆಸರುಗಳಲ್ಲಿ ಎಷ್ಟಕ್ಕೆ ಮುಖ ನೆನಪಾಗುತ್ತದೆ? ಮಕ್ಕಳೊಡನೆ ಕುಳಿತು ನೋಡಿರಿ.

3. ಕಷಾಯದ ನಾಲ್ಕು ತರತಮಗಳ ವಾಸನಾಕಾಲವನ್ನು ತಿಳಿಸಿರಿ.

4. ಆರು ತಿಂಗಳು ಮೀರಿದ ವೈರಗಳ ಪಟ್ಟಿಯನ್ನು ಬರೆಯಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಪಾಡ್ಯದ ಸಂಜೆ ಅದರಲ್ಲಿ ಎಷ್ಟು ಹೆಸರುಗಳು ಉಳಿದವೆಂದು ಮತ್ತೊಮ್ಮೆ ಎಣಿಸಿರಿ.