ಮಗಳ ಕಾಲೇಜು: ಮೊದಲು ಕುಳಿತು ಲೆಕ್ಕ ಹಾಕೋಣ



ಗೋಪುರ ಕಟ್ಟಲು ಹೊರಟು, ಹಣ ಸಾಲದೆ ಅಡಿಪಾಯದಲ್ಲೇ ನಿಂತುಹೋದ ಮನುಷ್ಯನ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ನಾವೆಲ್ಲ ಕೇಳಿದ್ದೇವೆ. ಮಕ್ಕಳ ಕಾಲೇಜಿನ ವಿಷಯದಲ್ಲಿ ಆ ಮಾತು ನಮ್ಮ ಮನೆಗೇ ಬಂದು ನಿಲ್ಲುತ್ತದೆ. ಪಿಯುಸಿ ಫಲಿತಾಂಶ ಬಂದ ಮೇಲೆ ಪೂಜೆ ಮುಗಿಸಿ ಹೊರಬರುವಾಗ ದೇವಾಲಯದ ಅಂಗಳದಲ್ಲಿ ಒಂದೇ ಮಾತು: "ಮಗಳಿಗೆ ಎಲ್ಲಿ ಸೀಟು ಸಿಕ್ಕಿತು?" ಆ ಪ್ರಶ್ನೆಗೆ ಹೆದರಿ, ಒಂದು ವಾರದ ಗಡಿಬಿಡಿಯಲ್ಲಿ ಜಮೀನು ಅಡವಿಟ್ಟವರಿದ್ದಾರೆ. "ನಮ್ಮಿಂದ ಆಗದು" ಎಂದು ಏನನ್ನೂ ವಿಚಾರಿಸದೆ ಮಗಳ ಓದನ್ನೇ ನಿಲ್ಲಿಸಿದವರೂ ಇದ್ದಾರೆ. ಎರಡೂ ಲೆಕ್ಕ ಹಾಕದೆ ತೆಗೆದುಕೊಂಡ ತೀರ್ಮಾನಗಳೇ. ಎಂಜಿನಿಯರಿಂಗ್ ಸೀಟನ್ನೇ ಉದಾಹರಣೆಯಾಗಿಟ್ಟುಕೊಂಡು ಆ ಲೆಕ್ಕವನ್ನು ಕಲಿಯೋಣ.

1. ರ‍್ಯಾಂಕ್ ಬರುವುದು ಹೇಗೆ?

"ಪಿಯುಸಿಯಲ್ಲಿ ಶೇ. 90 ಬಂದಿದೆ, ಸೀಟು ಸಿಕ್ಕೇ ಸಿಗುತ್ತದೆ" ಎಂದು ಅನೇಕರು ನಂಬಿರುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಎಂಜಿನಿಯರಿಂಗ್ ರ‍್ಯಾಂಕ್ ನೀಡುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಿಯುಸಿ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ಬೆಲೆ ಕೊಡುತ್ತದೆ. ಸಿಇಟಿಯಲ್ಲಿ ಈ ಮೂರು ವಿಷಯಗಳಿಗೆ ತಲಾ 60ರಂತೆ ಒಟ್ಟು 180 ಅಂಕ.

ಒಬ್ಬ ಹುಡುಗಿಗೆ ಈ ವಿಷಯಗಳಲ್ಲಿ ಪಿಯುಸಿಯಲ್ಲಿ ಶೇ. 90, ಸಿಇಟಿಯಲ್ಲಿ 72 ಅಂಕ, ಎಂದರೆ ಶೇ. 40 ಬಂದಿದೆ ಎನ್ನೋಣ. ಸರಾಸರಿ 65. ಇನ್ನೊಬ್ಬಳಿಗೆ ಪಿಯುಸಿಯಲ್ಲಿ ಶೇ. 80 ಮಾತ್ರ, ಸಿಇಟಿಯಲ್ಲಿ 108, ಎಂದರೆ ಶೇ. 60. ಸರಾಸರಿ 70. ಎರಡನೆಯವಳೇ ಮುಂದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ. ವೈದ್ಯಕೀಯಕ್ಕೆ ನೀಟ್ ರ‍್ಯಾಂಕೇ ಬೇಕು; ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ.

2. ಸೀಟಿನ ಅಂದಾಜು

ಊಹೆಯ ಅಗತ್ಯವಿಲ್ಲ. ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಕೊನೆಯ ಸೀಟು ಎಷ್ಟನೆಯ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿಯನ್ನು ಪ್ರಾಧಿಕಾರ ಪ್ರತಿ ಸುತ್ತಿನ ನಂತರ ಪ್ರಕಟಿಸುತ್ತದೆ. ಹಿಂದಿನ ಎರಡು ಮೂರು ವರ್ಷಗಳ ಪಟ್ಟಿ ನೋಡಿ. ಅದರಲ್ಲಿ 'ಜಿಎಂ' ಎಂದರೆ ಸಾಮಾನ್ಯ ವರ್ಗ. '3ಬಿಜಿ', '3ಬಿಆರ್', '3ಬಿಕೆ' ಎಂದರೆ ಪ್ರವರ್ಗ 3ಬಿಯಲ್ಲಿ ಕ್ರಮವಾಗಿ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮದ ಸೀಟುಗಳು.

ನಂತರ ಕಾಲೇಜುಗಳನ್ನು ಮೂರು ಗುಂಪು ಮಾಡಿ: ಸಿಗುವುದು ಕಷ್ಟವಾದವು, ಸಿಗಬಹುದಾದವು, ಬಹುತೇಕ ಸಿಗುವಂಥವು. ಮೂರೂ ಗುಂಪಿನಿಂದ ಆರಿಸಿ, ಮಗಳಿಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಆಯ್ಕೆಗಳನ್ನು ನಮೂದಿಸಿ. ಕಷ್ಟದ್ದನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಆದರೆ ಕೆಳಗೆ ಏನನ್ನೂ ಬರೆಯದಿದ್ದರೆ ಕೈ ಖಾಲಿ.

3. ಪ್ರಮಾಣಪತ್ರಗಳು

ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬದವರು ಪ್ರವರ್ಗ 1ರ ಬಗ್ಗೆ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆದು, ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು.

ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿಯೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿಯೂ ಉಂಟು. ಅದಕ್ಕೆ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಇವೆಲ್ಲ ಫಲಿತಾಂಶದ ನಂತರದ ಕೆಲಸವಲ್ಲ. ಎರಡನೆಯ ಪಿಯುಸಿಯ ಕ್ರಿಸ್ಮಸ್ ರಜೆಯೊಳಗೆ ಮುಗಿಸಬೇಕಾದ ಕೆಲಸ.

"ನಮ್ಮ ಸಭೆಯ ಕಾಲೇಜು, ಗುರುಗಳು ಒಂದು ಮಾತು ಹೇಳಿದರೆ ಆಯಿತು" ಎಂಬ ಭರವಸೆಯಲ್ಲೂ ಕೂರಬೇಡಿ. ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಇರುವ ಅವಕಾಶ, ಅರ್ಜಿಯ ಕೊನೆಯ ದಿನ, ಶುಲ್ಕ ಇವನ್ನು ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

4. ಖರ್ಚು: ಒಂದು ವರ್ಷದ್ದಲ್ಲ, ನಾಲ್ಕು ವರ್ಷದ್ದು

ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಸರಕಾರಿ ಸೀಟು, ಕಾಮೆಡ್‌ಕೆ ಸೀಟು, ಆಡಳಿತ ಮಂಡಳಿಯ ಸೀಟು ಎಂದು ಮೂರು ಬಗೆಯ ಶುಲ್ಕ ಕೊಡುವವರು ಕುಳಿತಿರುತ್ತಾರೆ. ಕಲಿಸುವ ಅಧ್ಯಾಪಕರು ಅವರೇ, ಪದವಿಯೂ ಅದೇ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ, ಬೋಧನಾ ಶುಲ್ಕ ಮನ್ನಾ ಆಗುವ ಶೇ. 5ರ ಹೆಚ್ಚುವರಿ ಸೀಟುಗಳೂ ಇವೆ.

ಒಂದು ಹಾಳೆಯಲ್ಲಿ ಬೋಧನಾ ಶುಲ್ಕ, ಇತರ ಶುಲ್ಕ, ಹಾಸ್ಟೆಲ್, ಊಟ, ಬಸ್ಸು, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವನ್ನೂ ಬರೆದು ನಾಲ್ಕು ವರ್ಷಕ್ಕೆ ಕೂಡಿಸಿ. ದೂರದ ಕಾಲೇಜಿನಲ್ಲಿ ಶುಲ್ಕ ಕಡಿಮೆಯಿದ್ದರೂ ಹಾಸ್ಟೆಲಿನ ಖರ್ಚು ಆ ಉಳಿತಾಯವನ್ನು ನುಂಗಬಹುದು. ಕ್ಯಾಪಿಟೇಶನ್ ಶುಲ್ಕವನ್ನು ರಾಜ್ಯದ 1984ರ ಕಾಯಿದೆ ನಿಷೇಧಿಸಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

5. ಸಾಲವೂ ಒಂದು ಲೆಕ್ಕ

ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಬ್ಯಾಂಕಿನಿಂದ ಸಾಲ ಪಡೆದಿರೆನ್ನೋಣ. ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮುಂದೆ ಮೂರು, ಎರಡು. ಸರಳ ಬಡ್ಡಿಯೇ 1 ಲಕ್ಷ 40 ಸಾವಿರ. ಆಗ 4 ಲಕ್ಷದ ಸಾಲ 5 ಲಕ್ಷ 40 ಸಾವಿರವಾಗುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,000 ರೂಪಾಯಿ ಕಂತು. ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿಕೊಂಡು ಬಂದರೆ ಕಂತು ಸುಮಾರು 6,600.

ಈಗ ಕೇಳಿಕೊಳ್ಳಿ: ಮಗಳ ಮೊದಲ ಸಂಬಳ ತಿಂಗಳಿಗೆ 20,000 ಮಾತ್ರವಾದರೆ, ಊರು ಬಿಟ್ಟು ಇರುವ ಬಾಡಿಗೆ, ಊಟ ಕಳೆದು ಈ ಕಂತು ಕಟ್ಟಲಾದೀತೇ? ಆಗದೆಂದರೆ ಕಡಿಮೆ ಖರ್ಚಿನ ದಾರಿ ಹುಡುಕುವುದು ಸೋಲಲ್ಲ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಮನೆಯಲ್ಲಿ ಕಿರಿಯ ಮಕ್ಕಳಿದ್ದರೆ ನೆನಪಿಡಿ.

ಬ್ಯಾಂಕಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ವಿಚಾರಿಸಿ. 2024ರಲ್ಲಿ ಕೇಂದ್ರ ಸರಕಾರ ಒಪ್ಪಿದ ಈ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೂ ಕ್ರೈಸ್ತ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು.

6. ಲೆಕ್ಕದ ಹಾಳೆಯ ಮುಂದೆ ಮಗಳೂ ಇರಲಿ

ಮನೆಯ ಆದಾಯವನ್ನು ಮಕ್ಕಳಿಂದ ಮುಚ್ಚಿಡುವುದು ಪ್ರೀತಿಯೆಂದು ನಾವು ತಿಳಿದಿರುತ್ತೇವೆ. ಹದಿನೇಳು ವರ್ಷದ ಮಗಳಿಗೆ ನಿಜ ತಿಳಿಯುವ ಶಕ್ತಿ ಇದೆ. "ಇಷ್ಟು ನಮ್ಮಿಂದ ಆಗುತ್ತದೆ, ಇಷ್ಟು ಸಾಲ ಮಾಡಬಹುದು, ಇದಕ್ಕಿಂತ ಹೆಚ್ಚು ಬೇಡ" ಎಂದು ಮೊದಲೇ ಹೇಳಿದರೆ ಆಕೆ ಅದರೊಳಗೆ ಆರಿಸಿಕೊಳ್ಳುತ್ತಾಳೆ. ಮೊದಲ ವರ್ಷ ಸೇರಿಸಿ ಎರಡನೆಯ ವರ್ಷ ಶುಲ್ಕಕ್ಕೆ ಹಣವಿಲ್ಲವೆಂದು ವಾಪಸು ಕರೆಸಿಕೊಳ್ಳುವ ನೋವು ಇದಕ್ಕಿಂತ ದೊಡ್ಡದು. ಇನ್ನೊಂದು ಮಾತು: ಮಗನಿಗೆ ಸಾಲ ಮಾಡಲು ಸಿದ್ಧವಿದ್ದವರು ಮಗಳಿಗೂ ಅದೇ ಅಳತೆಗೋಲು ಹಿಡಿಯಬೇಕು.

ಮನೆಯಲ್ಲಿ ಚರ್ಚಿಸಲು:

1. ಈ ಓದನ್ನು ಆರಿಸಿದವರು ಯಾರು, ಮಗುವೇ, ನಾವೇ, ಅಥವಾ ನೆರೆಹೊರೆಯವರೇ?

2. ನಾಲ್ಕು ವರ್ಷದ ಒಟ್ಟು ಖರ್ಚನ್ನು ಬರೆದು ನೋಡಿದ್ದೇವೆಯೇ?

3. ಬಯಸಿದ ಸೀಟು ಸಿಗದಿದ್ದರೆ ಎರಡನೆಯ ದಾರಿ ಯಾವುದು? ಅದನ್ನು ಹಿಡಿದ ಮಗುವನ್ನು ಅಷ್ಟೇ ಹೆಮ್ಮೆಯಿಂದ ಕಾಣಲು ನಾವು ಸಿದ್ಧರಿದ್ದೇವೆಯೇ?