ಬಣ್ಣದ ಮನೆಯ ಆವಿ ಮತ್ತು ಶ್ವಾಸಕೋಶದ ಆರೋಗ್ಯ

ಗುಳೇದಗುಡ್ಡದ ಖಣಕ್ಕೆ ನಾಡಿನಲ್ಲೆಲ್ಲ ಹೆಸರಿದೆ. ಮಗ್ಗದ ಮುಂದೆ ಕುಳಿತ ನೇಕಾರರ ಶ್ರಮವನ್ನು ಎಲ್ಲರೂ ಬಲ್ಲರು. ಆದರೆ ನೂಲು ಮಗ್ಗಕ್ಕೇರುವ ಮೊದಲು ಅದಕ್ಕೆ ಬಣ್ಣ ಹಾಕುವ ಕಾಯಕಜೀವಿಗಳ ಎದೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸುವವರು ವಿರಳ.

ಕೆಲವು ವರ್ಷಗಳ ಹಿಂದೆ ಬಣ್ಣದ ಕೆಲಸ ಮಾಡುವ ಭಕ್ತರೊಬ್ಬರು ರಾತ್ರಿಯ ಕೆಮ್ಮು ಹಾಗೂ ಉಬ್ಬಸದಿಂದ ಬಳಲಿ ನಮ್ಮಲ್ಲಿಗೆ ಬಂದರು. ಎರಡು ತಿಂಗಳು ಕಷಾಯ, ಲೇಹ್ಯಗಳನ್ನು ಕೊಟ್ಟೆವು; ಗುಣ ಕಾಣಲಿಲ್ಲ. ಯುಗಾದಿಗೆ ಮುನ್ನ ಅವರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟರು. ಬಿಸಿಲಿನಲ್ಲಿ ನಡೆದರೂ ದಾರಿಯುದ್ದಕ್ಕೂ ಉಬ್ಬಸ ಬರಲಿಲ್ಲ. ಮರಳಿ ಬಂದು ಬಣ್ಣದ ಹಂಡೆಯ ಮುಂದೆ ನಿಂತ ಮೂರನೆಯ ದಿನವೇ ಅದು ಮರುಕಳಿಸಿತು. ಅವರ ಕಾಯಕ ನಮಗೆ ತಿಳಿದಿತ್ತು. ಅಲ್ಲಿ ಯಾವ ಪುಡಿ, ಯಾವ ಆವಿ ಎಂದು ನಾವು ಕೇಳಿರಲಿಲ್ಲ. ಅದು ನಮ್ಮದೇ ತಪ್ಪು. ರೋಗಿಯನ್ನು ಕಂಡಾಗ ಆತನ ಕಸುಬನ್ನೂ ಕೇಳಬೇಕೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಬೋಧಿಸಿದ್ದನು.

ಒಳಗೆ ನಡೆಯುವುದೇನು?

ಶ್ವಾಸನಾಳವು ಮರದ ಕೊಂಬೆಗಳಂತೆ ಸುಮಾರು 23 ಬಾರಿ ಕವಲೊಡೆದು ಕೋಟ್ಯಂತರ ಗಾಳಿಚೀಲಗಳನ್ನು ಮುಟ್ಟುತ್ತದೆ. ನಾಳದ ಒಳಪದರದ ಜೀವಕೋಶಗಳ ಮೇಲೆ ಅತಿ ಸೂಕ್ಷ್ಮ ರೋಮಗಳಿವೆ. ಅವು ಎಡೆಬಿಡದೆ ಬೀಸುತ್ತ, ಧೂಳು ಅಂಟಿದ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಇದು ದೇಹದ ನಿತ್ಯದ ಕಸಗುಡಿಸುವಿಕೆ.

ಬಣ್ಣದ ಮನೆಯಲ್ಲಿ ಬಳಸುವ ಹೈಡ್ರೋಸ್ ಪುಡಿಗೆ ತೇವ ಅಥವಾ ಶಾಖ ತಗುಲಿದರೆ ಗಂಧಕದ ಘಾಟು ಏಳುತ್ತದೆ. ಆ ಅನಿಲವು ನಾಳದ ತೇವದಲ್ಲಿ ಕರಗಿ ಆಮ್ಲವಾಗಿ ಜೀವಕೋಶಗಳನ್ನು ಸುಡುತ್ತದೆ. ಬ್ಲೀಚಿಂಗ್ ಪೌಡರಿಗೆ ಆಮ್ಲ ಬೆರೆತರೆ ಏಳುವ ಕ್ಲೋರಿನ್ ಇನ್ನೂ ಅಪಾಯಕಾರಿ. 1915ರಲ್ಲಿ ಮೊದಲ ಮಹಾಯುದ್ಧದ ರಣರಂಗದಲ್ಲಿ ಇದನ್ನೇ ಅಸ್ತ್ರವಾಗಿ ಬಿಟ್ಟಿದ್ದರು. ರಿಯಾಕ್ಟಿವ್ ಬಣ್ಣದ ಪುಡಿಯ ಹಾನಿ ಬೇರೆ ಬಗೆಯದು. ತಿಂಗಳುಗಟ್ಟಲೆ ಏನೂ ತೋರದೆ, ಕೆಲವರ ದೇಹವು ಅದನ್ನು ವೈರಿಯೆಂದು ಗುರುತಿಸತೊಡಗುತ್ತದೆ. ಆ ಬಳಿಕ ಚಿಟಿಕೆ ಪುಡಿ ಹಾರಿದರೂ ನಾಳಗಳು ಬಿಗಿದು ಉಬ್ಬಸ ಬರುತ್ತದೆ.

ಇಂಥ ಪೆಟ್ಟು ವರ್ಷಗಟ್ಟಲೆ ಮುಂದುವರಿದರೆ ಸೂಕ್ಷ್ಮರೋಮಗಳು ನಾಶವಾಗಿ ಕಫ ಒಳಗೇ ನಿಲ್ಲುತ್ತದೆ. ನಾಳದ ಗೋಡೆ ದಪ್ಪವಾಗಿ ಹಾದಿ ಶಾಶ್ವತವಾಗಿ ಕಿರಿದಾಗುತ್ತದೆ. ಬೀಡಿ ಸೇದುವವರಲ್ಲಿ ಹಾನಿ ಇಮ್ಮಡಿಸುತ್ತದೆ.

ನಿದಾನ ಪರಿವರ್ಜನ

ಚರಕ ಸಂಹಿತೆಯು ಶ್ವಾಸರೋಗದ ಕಾರಣಗಳಲ್ಲಿ ಧೂಳು, ಹೊಗೆಗಳನ್ನು ಹೆಸರಿಸಿದೆ. ರೋಗದ ಕಾರಣವನ್ನು ದೂರವಿಡುವುದೇ ಆಯುರ್ವೇದದಲ್ಲಿ ಮೊದಲ ಚಿಕಿತ್ಸೆ. ಆಡುಸೋಗೆ, ಹಿಪ್ಪಲಿ ಉತ್ತಮ ದ್ರವ್ಯಗಳೇ ಸರಿ. ಆದರೆ ಹಗಲೆಲ್ಲ ವಿಷದ ಆವಿ ಕುಡಿದು ರಾತ್ರಿ ಕಷಾಯ ಕುಡಿದರೆ ಫಲವಿಲ್ಲ. ಆದುದರಿಂದ ಬಣ್ಣದ ಕೆಲಸದವರು ಇವನ್ನು ಪಾಲಿಸಬೇಕು:

1. ಹಂಡೆಯನ್ನು ಎದುರುಬದುರು ಕಿಟಕಿಗಳಿರುವ ಕಡೆ ಇಲ್ಲವೆ ಬಯಲಿನಲ್ಲಿಡಿ. ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಲ್ಲಿ.
2. ಬಣ್ಣದ ಪುಡಿಯನ್ನು ಎತ್ತರದಿಂದ ಸುರಿಯದೆ, ಮೆಲ್ಲನೆ ನೀರಿನಲ್ಲಿ ಕಲಸಿ. ಹೈಡ್ರೋಸ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಒಣ ಜಾಗದಲ್ಲಿಡಿ.
3. ಬ್ಲೀಚಿಂಗ್ ಪೌಡರ್ ಮತ್ತು ಆಮ್ಲವನ್ನು ಎಂದಿಗೂ ಬೆರೆಸಬೇಡಿ.
4. ಮುಖಕ್ಕೆ ಕಟ್ಟಿದ ಟವೆಲ್ ಅನಿಲವನ್ನು ತಡೆಯದು. ಅದಕ್ಕೆ ಇದ್ದಿಲು ತುಂಬಿದ ವಿಶೇಷ ಮುಖವಾಡ ಬೇಕು.
5. ಮಕ್ಕಳು ಮತ್ತು ಗರ್ಭಿಣಿಯರು ಆ ಕೋಣೆಯಲ್ಲಿರಬಾರದು.

ಘಾಟು ಹೆಚ್ಚಾಗಿ ನೆತ್ತಿಗೇರಿದರೆ ತಕ್ಷಣ ಬಯಲಿಗೆ ಬಂದು ಆಸ್ಪತ್ರೆಗೆ ಹೋಗಬೇಕು. ಆರಾಮವೆನಿಸಿದರೂ ಅಲಕ್ಷ್ಯ ಸಲ್ಲದು. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಹಲವು ಗಂಟೆಗಳ ನಂತರ. ವೈದ್ಯರು ಕೊಟ್ಟ ಇನ್‌ಹೇಲರನ್ನು, ನಮ್ಮ ಔಷಧಿ ನಡೆದಿರುವಾಗಲೂ, ತಾವಾಗಿ ನಿಲ್ಲಿಸಬಾರದು.

ರಜೆಯಲ್ಲಿ ಅಥವಾ ಊರು ಬಿಟ್ಟಾಗ ಕೆಮ್ಮು ಕಡಿಮೆಯಾಗಿ, ಕೆಲಸಕ್ಕೆ ಮರಳಿದಾಗ ಹೆಚ್ಚುತ್ತದೆಯೇ? ಹಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬೇಗ ಗುರುತಿಸಿ ಕಾರಣವನ್ನು ತಪ್ಪಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಆ ಭಕ್ತರು ಈಗ ಬಣ್ಣದ ಹಂಡೆ ಬಿಟ್ಟು ನೂಲು ಸುತ್ತುವ ಕೆಲಸಕ್ಕೆ ಬದಲಾಗಿದ್ದಾರೆ. ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆ.

ಜೇಡರ ದಾಸಿಮಯ್ಯನವರು ನೇಯ್ಗೆಯನ್ನೇ ಕಾಯಕವಾಗಿ ನಡೆಸಿದ ಶರಣರು. ಕಾಯಕ ನಡೆಯಲು ಕಾಯ ಉಳಿಯಬೇಕು. ಅದನ್ನು ಕಾಪಾಡಿಕೊಳ್ಳುವ ಹೊಣೆ ದುಡಿಯುವವರದಷ್ಟೇ ಅಲ್ಲ, ದುಡಿಸುವ ಮಾಲೀಕರದೂ ಹೌದು.