ಟಿ.ವಿ. ಚರ್ಚೆ ಬೇರೆ, ಈ ಓದು ಬೇರೆ: ಜಾರ್ಜ್‌ಟೌನ್‌ಗೆ ಹೊರಟವರಿಗೆ ಒಂಬತ್ತು ಸೂತ್ರ

ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಾಲ್ಷ್ ಸ್ಕೂಲ್ ಆಫ್ ಫಾರಿನ್ ಸರ್ವಿಸ್ ಶುರುವಾದದ್ದು 1919ರಲ್ಲಿ. ಅಮೆರಿಕದ ಈಗಿನ ವಿದೇಶಾಂಗ ಸೇವೆ ಕಾಯ್ದೆಯ ರೂಪ ಪಡೆದದ್ದು 1924ರಲ್ಲಿ. ಕೆಲಸ ಹುಟ್ಟುವ ಮೊದಲೇ ಅದನ್ನು ಕಲಿಸುವ ಶಾಲೆ ಬಾಗಿಲು ತೆರೆದಿತ್ತು. ಬಿಲ್ ಕ್ಲಿಂಟನ್ 1968ರಲ್ಲಿ ಪದವಿ ಪಡೆದದ್ದು ಇಲ್ಲೇ, ಮ್ಯಾಡಲಿನ್ ಆಲ್‌ಬ್ರೈಟ್ ವರ್ಷಗಟ್ಟಲೆ ಪಾಠ ಮಾಡಿದ್ದೂ ಇಲ್ಲೇ. ಇಂಥ ಹೆಸರುಗಳ ಗುಂಗಿನಲ್ಲಿ ಅರ್ಜಿ ಹಾಕುವವರು ಬಹಳ, ಸೀಟು ಸಿಗುವುದು ಕೆಲವರಿಗೆ. ಸೀಟು ಗಿಟ್ಟಿಸುವ ಉಪಾಯ ಹೇಳುವವರು ಊರ ತುಂಬ ಇದ್ದಾರೆ. ಸಿಕ್ಕ ಮೇಲಿನ ನಾಲ್ಕು ವರ್ಷದ ಮಾತು ಇಲ್ಲಿದೆ.

1. ಸುದ್ದಿ ಗೊತ್ತಿರುವುದನ್ನು ಓದು ಎಂದುಕೊಳ್ಳಬೇಡಿ.
ಉಕ್ರೇನ್, ಗಾಜಾ, ತೈವಾನ್ ಬಗ್ಗೆ ತರಗತಿಯಲ್ಲಿ ಕೂತ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಪಕ್ಕದಲ್ಲಿ ಕೂತವಳು ಬೈರೂತ್‌ನಲ್ಲಿ ಬೆಳೆದಿರಬಹುದು, ಹಿಂದಿನ ಸಾಲಿನವನ ತಂದೆ ರಾಯಭಾರಿ ಆಗಿರಬಹುದು. ಅವರ ಮುಂದೆ ಫೋನಿನಲ್ಲಿ ನೋಡಿದ ವಿಶ್ಲೇಷಣೆಯನ್ನು ಒಪ್ಪಿಸಿದರೆ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಮೊದಲ ಸೆಮಿಸ್ಟರ್ ಹೆಚ್ಚು ಕೇಳಿ, ಕಡಿಮೆ ಮಾತಾಡಿ. ಆದರೆ ಪೂರ್ತಿ ಸುಮ್ಮನೆ ಕೂರಬೇಡಿ, ಮಾತಿಗೂ ಅಂಕ ಉಂಟು.

2. ಭೂಪಟ ಬಾಯಿಪಾಠವಾಗಲಿ.
'ಮ್ಯಾಪ್ ಆಫ್ ದ ಮಾಡರ್ನ್ ವರ್ಲ್ಡ್' ಎಂಬುದು ಇಲ್ಲಿನ ಹೆಸರಾಂತ ಕೋರ್ಸ್. ಕ್ರೆಡಿಟ್ ಒಂದೇ ಒಂದು. ಒಂದೇ ತಾನೆ ಎಂದು ಕೈಬಿಟ್ಟವರು ಮುಂದಿನ ಎಲ್ಲ ಕೋರ್ಸುಗಳಲ್ಲೂ ತಡಕಾಡುತ್ತಾರೆ. ಖಾಲಿ ನಕ್ಷೆ ಇಟ್ಟುಕೊಂಡು ಮಧ್ಯ ಏಷ್ಯಾದ ಐದು ದೇಶ, ಕಾಕಸಸ್, ಸಹಾರಾದ ಕೆಳಗಿನ ಪಟ್ಟಿಯನ್ನು ಕೈಯಾರೆ ತುಂಬಿಸಿ. ಹೊರ್ಮುಜ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 33 ಕಿ.ಮೀ. ಮಾತ್ರ ಎಂದು ಗೊತ್ತಿದ್ದವರಿಗೆ ತೈಲದ ಬೆಲೆಯ ಅರ್ಧ ರಾಜಕೀಯ ತಾನಾಗಿ ಅರ್ಥವಾಗುತ್ತದೆ.

3. ಅರ್ಥಶಾಸ್ತ್ರಕ್ಕೆ ಬೆನ್ನು ತಿರುಗಿಸಬೇಡಿ.
'ಗಣಿತ ಆಗಿಬರೋದಿಲ್ಲ, ಅದಕ್ಕೇ ಈ ವಿಷಯ ತಗೊಂಡೆ' ಎನ್ನುವ ಮಕ್ಕಳು ಮುಗ್ಗರಿಸುವುದು ಇಲ್ಲೇ. ಸೂಕ್ಷ್ಮ ಅರ್ಥಶಾಸ್ತ್ರ, ಸ್ಥೂಲ ಅರ್ಥಶಾಸ್ತ್ರ, ಆಮೇಲೆ ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಹಣಕಾಸು. ಇವುಗಳಿಂದ ಸುಲಭಕ್ಕೆ ಪಾರಾಗುವ ದಾರಿ ಇಲ್ಲ. ಪಾರಾಗಲೂಬಾರದು. 1991ರ ಜುಲೈಯಲ್ಲಿ ಭಾರತ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟಿತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿದ್ದ ದೇಶ, ಅದೇ ವರ್ಷ ಸೋವಿಯತ್ ಒಕ್ಕೂಟವೂ ಚೂರಾದಾಗ, ವಿದೇಶ ನೀತಿಯನ್ನು ಹೊಸದಾಗಿ ಬರೆದುಕೊಳ್ಳಬೇಕಾಯಿತು. ಪಾವತಿ ಬಾಕಿ ಎಂದರೇನು ಎಂದು ತಿಳಿಯದವರು ಈ ಕಥೆಯನ್ನು ನಾಯಕರ ಹೆಸರು ಹಿಡಿದು ಹೇಳಬಲ್ಲರು, ಅಷ್ಟೆ. ರಜೆಯಲ್ಲೇ ಕಲನಶಾಸ್ತ್ರದ ಅಆಇಈ ಮುಗಿಸಿಕೊಂಡು ಹೋಗಿ.

4. ಭಾಷೆಯನ್ನು ಮೊದಲ ವಾರವೇ ಹಿಡಿಯಿರಿ.
ಪದವಿ ಬೇಕಾದರೆ ಒಂದು ವಿದೇಶಿ ಭಾಷೆಯಲ್ಲಿ ಪ್ರಾವೀಣ್ಯ ತೋರಿಸಬೇಕು, ಪರೀಕ್ಷಕರೆದುರು ಕೂತು ಮಾತಾಡಬೇಕು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಲೆಕ್ಕದಲ್ಲಿ ಹಿಂದಿಗೆ ಸುಮಾರು 1,100 ಗಂಟೆಯ ಪಾಠ ಬೇಕು, ಅರಬ್ಬಿ, ಚೀನಿ, ಜಪಾನಿ, ಕೊರಿಯನ್ ಭಾಷೆಗಳಿಗೆ 2,200. ಹೀಗಿರುವಾಗ ಅರಬ್ಬಿಯನ್ನು ಮೂರನೇ ವರ್ಷಕ್ಕೆ ಇಟ್ಟುಕೊಂಡರೆ ಮುಗಿಯುವ ಮಾತಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಅಥವಾ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದವರಿಗೆ ತಪ್ಪು ಮಾತಾಡಲು ನಾಚಿಕೆ ಕಡಿಮೆ. ಈ ಗುಣ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

5. ಮೂಲ ದಾಖಲೆ ಓದಿ.
ಒಂದೇ ಸೂತ್ರ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಕೊಡುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆ 1861ರಿಂದ ತನ್ನ ಪತ್ರವ್ಯವಹಾರವನ್ನು ಸಂಪುಟ ಮಾಡಿ ಪ್ರಕಟಿಸುತ್ತಿದೆ. ಬಹುಪಾಲು ಈಗ ಅಂತರಜಾಲದಲ್ಲಿ ಪುಕ್ಕಟೆ. 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿಗೇ ಒಂದು ಸಂಪುಟ ಇದೆ. ಢಾಕಾದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ಕಳಿಸಿದ ತಂತಿ ಅದರಲ್ಲಿದೆ. ತಮ್ಮದೇ ಸರ್ಕಾರದ ನೀತಿ ತಪ್ಪು ಎಂದು ಅದಕ್ಕೆ ಸಹಿ ಹಾಕಿದವರು 20 ಮಂದಿ ಅಮೆರಿಕನ್ ಸಿಬ್ಬಂದಿ. ಮೂರು ವಾರದ ನಂತರ ಅಧ್ಯಕ್ಷ ನಿಕ್ಸನ್, ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮೇಲೆ ಈಗ ಒತ್ತಡ ಬೇಡವೆಂದು ಕಡತದ ಮೇಲೆ ಕೈಯಲ್ಲೇ ಬರೆದದ್ದೂ ಇದೆ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಸರ್ಕಾರ ಒಂದೇ ಬಾಯಲ್ಲಿ ಮಾತಾಡುವ ಪ್ರಾಣಿಯಲ್ಲ ಎಂದು ಕಾಣುತ್ತದೆ.

ನಮ್ಮವರದೇ ಇನ್ನೊಂದು ಉದಾಹರಣೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಜೂನ್ 25ರ ನಿರ್ಣಯಕ್ಕೆ ಭಾರತ ಮತ ಹಾಕಿತು. 27ರಂದು ಎರಡನೇ ನಿರ್ಣಯ ಬಂದಾಗ ದೆಹಲಿಯ ಸೂಚನೆ ಇನ್ನೂ ಕೈಸೇರಿರಲಿಲ್ಲ, ಅವರು ಮತದಾನದಲ್ಲಿ ಸೇರಲಿಲ್ಲ. ಭಾರತ ಆ ನಿರ್ಣಯವನ್ನು ಒಪ್ಪಿದ್ದು ಆಮೇಲೆ. ಸಭೆಯ ನಡಾವಳಿ ಓದದೆ 'ಭಾರತದ ಅಲಿಪ್ತ ನಿಲುವು' ಎಂದು ಷರಾ ಬರೆದುಬಿಡುವುದು ಎಷ್ಟು ಸುಲಭ!

6. ಒಂದು ಪುಟದಲ್ಲಿ ಬರೆಯಲು ಕಲಿಯಿರಿ.
ನೀತಿ ಟಿಪ್ಪಣಿಯ ಮೊದಲ ಸಾಲಿನಲ್ಲೇ ಶಿಫಾರಸು ಬರಬೇಕು, ಕಾರಣ ಆಮೇಲೆ. 'ಅನಾದಿ ಕಾಲದಿಂದಲೂ' ಎಂದು ಶುರು ಮಾಡುವ ನಮ್ಮ ಪರೀಕ್ಷಾ ಪ್ರಬಂಧದ ಚಾಳಿಯನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಿ.

7. ದೇವತಾಶಾಸ್ತ್ರ, ತತ್ತ್ವಶಾಸ್ತ್ರ ಕಡ್ಡಾಯವೆಂದು ಗೊಣಗಬೇಡಿ.
ಇದು 1789ರಲ್ಲಿ ಶುರುವಾದ ಜೆಸುಯಿಟ್ ವಿದ್ಯಾಸಂಸ್ಥೆ. ಧರ್ಮ ತಿಳಿಯದೆ ಪಶ್ಚಿಮ ಏಷ್ಯಾ ತಿಳಿಯುವುದೂ ಇಲ್ಲ.

8. ಕ್ಲಬ್ಬಿಗೆ ಸೇರಿಸಿಕೊಳ್ಳದಿದ್ದರೆ ಅಳಬೇಡಿ.
ಇಲ್ಲಿ ವಿದ್ಯಾರ್ಥಿ ಸಂಘಕ್ಕೂ ಅರ್ಜಿ, ಅದಕ್ಕೂ ಸಂದರ್ಶನ. ಹದಿನೆಂಟರ ಮಕ್ಕಳು ಹದಿನೆಂಟರ ಮಕ್ಕಳನ್ನು ಸೋಸುವ ಈ ಆಟ ಸ್ವಲ್ಪ ಅತಿಯೇ. ಆ ಸಂಜೆಗಳನ್ನು ಅಧ್ಯಾಪಕರ ಆಫೀಸ್ ಅವರ್ಸ್‌ಗೆ ಕೊಡಿ. ಮುಂದೆ ಶಿಫಾರಸು ಪತ್ರ ಬರೆಯುವವರು ಅವರು.

9. ಪಾಸ್‌ಪೋರ್ಟ್ ನೋಡಿಕೊಂಡು ಯೋಜನೆ ಹಾಕಿ.
ವಿದೇಶಾಂಗ ಇಲಾಖೆಯ ಇಂಟರ್ನ್‌ಶಿಪ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ವರ್ಜೀನಿಯಾದಲ್ಲಿ ಹುಟ್ಟಿದ ಕನ್ನಡದ ಹುಡುಗಿಗೆ ತೆರೆದಿರುವ ಬಾಗಿಲು ಹಾಸನದಿಂದ ಹೋದ ಹುಡುಗಿಗೆ ಮುಚ್ಚಿರುತ್ತದೆ. ಎಫ್-1 ವೀಸಾದವರು ಬ್ರೂಕಿಂಗ್ಸ್, ಕಾರ್ನೆಗಿಯಂಥ ಚಿಂತನ ಸಂಸ್ಥೆಗಳ ಕಡೆ ನೋಡಬೇಕು. ಕ್ಯಾಂಪಸ್ ಹೊರಗಿನ ಕೆಲಸಕ್ಕೆ, ಸಂಬಳ ಇರಲಿ ಇಲ್ಲದಿರಲಿ, ಕೈಹಾಕುವ ಮೊದಲು ವಿಶ್ವವಿದ್ಯಾಲಯದ ವೀಸಾ ಕಚೇರಿಯನ್ನು ಕೇಳಿ.

ದುಡ್ಡಿನ ಲೆಕ್ಕವೂ ಮೊದಲೇ ಆಗಲಿ: ವಸತಿ, ಊಟ ಸೇರಿ ವರ್ಷಕ್ಕೆ 85,000 ಡಾಲರ್ ದಾಟುತ್ತದೆ. 2005ರಿಂದ ಜಾರ್ಜ್‌ಟೌನ್‌ನ ಒಂದು ಕ್ಯಾಂಪಸ್ ದೋಹಾದಲ್ಲೂ ಇದೆ, ಕೊಡುವುದು ಇದೇ ಪದವಿ, ಅದನ್ನೂ ವಿಚಾರಿಸಿ. ಇನ್ನು ಕಣ್ಣಿರುವುದು ನಮ್ಮ ಐಎಫ್‌ಎಸ್ ಮೇಲಾದರೆ, ಅದಕ್ಕೆ ಈ ಪದವಿಯಿಂದ ಒಳದಾರಿ ಏನೂ ಇಲ್ಲ. ಯುಪಿಎಸ್‌ಸಿ ಕೇಳುವುದು ಮಾನ್ಯತೆ ಇರುವ ಯಾವುದಾದರೂ ಪದವಿ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.